ಹಿತ್ತಲಲ್ಲಿ ಹೂತಿಟ್ಟ ಹವಳದ ಗಂಟೆ

ನಿಘಂಟಪ್ಪ ಎನ್ನುವುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಸರ್ಕಾರದ ಸುತ್ತೋಲೆಗಳನ್ನು ಇಂಗ್ಲಿಷಿನಿಂದ ನಮ್ಮ ಮಾತಿಗೆ ಇಳಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಇಳಿಸುತ್ತಲೇ ಇದ್ದರು. ಇಳಿಸಿದ್ದು ಎಲ್ಲಿ ಹೋಗಿ ಬಿತ್ತು ಎಂದು ಮಾತ್ರ ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಒಂದು ಇಂಗ್ಲಿಷ್ ಶಬ್ದ ಕಣ್ಣಿಗೆ ಬಿದ್ದರೆ ಸಾಕು, ಅದರ ಕೋಟು ಬಿಚ್ಚಿ ನಮ್ಮ ಅಂಗಿ ತೊಡಿಸುವ ತನಕ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗಿ ಮೈಗೆ ಹಿಡಿಯಿತೇ ಇಲ್ಲವೇ ಎನ್ನುವುದು ಶಬ್ದದ ಹಣೆಬರಹ.

ಒಮ್ಮೆ ಮೇಲಧಿಕಾರಿಗಳು, ಕಡತಗಳು ಎಲ್ಲಿ ಬಾಟಲ್‌ನೆಕ್ ಆಗಿ ನಿಲ್ಲುತ್ತಿವೆ ನೋಡಿ ಸರಿಪಡಿಸಿ ಎಂದು ಬರೆದಿದ್ದರು. ನಿಘಂಟಪ್ಪನವರ ಕೈ ದಾಟುವಷ್ಟರಲ್ಲಿ ಅದು ‘ಸೀಸೆಯ ಕುತ್ತಿಗೆಗಳನ್ನು ಪತ್ತೆಹಚ್ಚಿ ವಾರದೊಳಗೆ ನಿವಾರಿಸತಕ್ಕದ್ದು’ ಎಂದಾಯಿತು. ಉಗ್ರಾಣದವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಪ್ರಾಣಿ. ಹದಿನೇಳು ಶಾಯಿ ಸೀಸೆಗಳ ಕುತ್ತಿಗೆ ಮುರಿದು, ‘ನಿವಾರಿಸಲಾಗಿದೆ’ ಎಂದು ವರದಿ ಕಳಿಸಿ, ಕೈಗೆ ಪಟ್ಟಿ ಕಟ್ಟಿಕೊಂಡು ಮೂರು ದಿನ ರಜೆ ಹಾಕಿದ.

ಮನೆಯಲ್ಲೂ ಇದೇ ಪಾಡು. ಆರು ವರ್ಷದ ಹಿಂದೆ ಬೇರೆ ಊರಿನಲ್ಲಿದ್ದ ಅವರ ಅಕ್ಕ ಹೊಸ ಮನೆ ಕಟ್ಟಿ, ಕರೆಯೋಲೆ ಅಚ್ಚು ಹಾಕಿಸುವ ಕೆಲಸವನ್ನು ತಮ್ಮನಿಗೆ ವಹಿಸಿದಳು. ಮಾದರಿ ಕಾರ್ಡಿನಲ್ಲಿ ‘ಹೌಸ್ ವಾರ್ಮಿಂಗ್’ ಎಂದಿತ್ತು. ಹೌಸ್ ಎಂದರೆ ಮನೆ, ವಾರ್ಮ್ ಎಂದರೆ ಕಾಯುವುದು. ‘ನಮ್ಮ ಹೊಸ ಮನೆಯನ್ನು ಕಾಯುವ ಸಮಾರಂಭಕ್ಕೆ ತಾವು ಸಕುಟುಂಬರಾಗಿ ಬರಬೇಕು’ ಎಂದು ಅಚ್ಚಾಯಿತು. ಮನೆ ಕಾಯಲು ಯಾರು ಬರುತ್ತಾರೆ? ಅರ್ಧ ನೆಂಟರು ಬರಲೇ ಇಲ್ಲ. ಬಂದ ಒಬ್ಬ ದೊಡ್ಡಪ್ಪ ಟಾರ್ಚು, ಕೋಲು ಹಿಡಿದು ಬಂದಿದ್ದರು. ಅಂದಿನಿಂದ ಅಕ್ಕ ತಮ್ಮನ ಮನೆ ಕಡೆ ತಲೆ ಹಾಕಿರಲಿಲ್ಲ.

ಇಂಥವರು ತೋಟಗಾರಿಕೆಗೆ ಇಳಿದದ್ದು ಗಿಡಗಳ ದುರದೃಷ್ಟ. ಅಪ್ಪ ಕಟ್ಟಿಸಿದ ಮನೆಯ ಹಿಂದೆ ಹಿತ್ತಲೇನೋ ಇತ್ತು. ಆದರೆ ಪಕ್ಕದ ಮನೆಯ ಎತ್ತರದ ಗೋಡೆಯಿಂದಾಗಿ ಅಲ್ಲಿಗೆ ಬಿಸಿಲು ಬೆಳಗ್ಗೆ ಬಂದು, ಹಾಜರಿ ಹಾಕಿ, ಹತ್ತು ಗಂಟೆಗೆ ಹೊರಟುಹೋಗುತ್ತಿತ್ತು. ಗುಲಾಬಿ ನೆಟ್ಟರು, ಹದಿನೈದು ದಿನ ಬದುಕಿತು. ಟೊಮೆಟೊ ನೆಟ್ಟರು; ಅದು ಬಿಸಿಲು ಹುಡುಕಿಕೊಂಡು ಆರಡಿ ಉದ್ದಕ್ಕೆ ಸಣಕಲಾಗಿ ಬೆಳೆದು, ಒಂದೂ ಕಾಯಿ ಬಿಡದೆ ಮಲಗಿಬಿಟ್ಟಿತು. ಪ್ರತಿ ಸಲವೂ ಅವರು ಸತ್ತ ಗಿಡವನ್ನು ಕವರಿನಲ್ಲಿ ಹಾಕಿಕೊಂಡು ನರ್ಸರಿಗೆ ಹೋಗಿ ಕಾರಣ ಕೇಳುತ್ತಿದ್ದರು. ನರ್ಸರಿಯವನಿಗೆ ಕೊನೆಗೆ ಸಾಕಾಯಿತು.

“ಸಾರ್, ನಿಮ್ಮ ಹಿತ್ತಲಿಗೆ ಗಿಡ ಕೊಟ್ಟೂ ಕೊಟ್ಟೂ ನಾನು ಪಾಪ ಕಟ್ಕೊಂಡಿದ್ದು ಸಾಕು. ಇದೊಂದು ತಗೊಂಡ್ ಹೋಗಿ, ಕೋರಲ್ ಬೆಲ್ಸ್ ಅಂತ. ಹೂವಿಗಿಂತ ಎಲೇನೇ ಚಂದ. ಅರೆನೆರಳಲ್ಲಿ ಸುಖವಾಗಿರುತ್ತೆ. ಬುಡದಲ್ಲಿ ನೀರು ನಿಲ್ಲಬಾರ್ದು, ಬುಡದ ತಲೆ ಮಣ್ಣಿನೊಳಗೆ ಮುಳುಗಬಾರ್ದು, ಅಷ್ಟೇ. ಇದೂ ಸತ್ರೆ ದಯವಿಟ್ಟು ತೋರಿಸೋಕೆ ತರಬೇಡಿ.”

ಸಾಯಲಿಲ್ಲ. ಒಂದು ಹೋಗಿ ಹನ್ನೆರಡಾಯಿತು. ಗೋಡೆಯ ಬುಡದಲ್ಲಿ ಸಾಲಾಗಿ, ಅಂಗೈಯಗಲದ ಮುದುರು ಮುದುರು ಎಲೆಗಳು. ಒಂದರದು ನೇರಳೆ ಹಣ್ಣಿನ ಬಣ್ಣ, ಇನ್ನೊಂದರದು ತಾಮ್ರದ ಬಣ್ಣ, ಮತ್ತೊಂದರದು ಎಳೆ ನಿಂಬೆಯದು. ಬೇಸಿಗೆಯಲ್ಲಿ ಕಡ್ಡಿಯಂಥ ದೇಟುಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕೆಂಪು ಹೂಗಳು ತೂಗುತ್ತಿದ್ದವು. ನಿಘಂಟಪ್ಪನವರ ಕೈಯಲ್ಲಿ ಬದುಕಿ ಉಳಿದ ಮೊದಲ ವಸ್ತು ಅದು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಅವುಗಳ ಮುಖ ನೋಡಿಬರುತ್ತಿದ್ದರು.

ಇಷ್ಟಾದ ಮೇಲೆ ಹೆಸರನ್ನು ಹಾಗೇ ಬಿಡಲಾದೀತೇ? ಕೋರಲ್ ಎಂದರೆ ಹವಳ, ಬೆಲ್ ಎಂದರೆ ಗಂಟೆ. ತಗಡಿನ ಪಟ್ಟಿ ಕತ್ತರಿಸಿ, ‘ಹವಳದ ಗಂಟೆ ೧’, ‘ಹವಳದ ಗಂಟೆ ೨’ ಎಂದು ಹನ್ನೆರಡರ ತನಕ ಬರೆದು ಒಂದೊಂದರ ಪಕ್ಕ ಒಂದೊಂದು ನೆಟ್ಟರು.

ಅವರ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಎಲ್ಲಕ್ಕೂ ಒಂದು ಉತ್ತರ ಇರಬೇಕು ಎನ್ನುವ ಸ್ವಭಾವ. “ಹವಳ ಅಂತೀರಿ, ಕೊರಳಿಗೆ ಹಾಕೋಕೆ ಬರಲ್ಲ. ಗಂಟೆ ಅಂತೀರಿ, ಬಾರಿಸೋಕೆ ಬರಲ್ಲ. ಬಣ್ಣದೆಲೆ ಗಿಡ ಅಂದ್ರೆ ಆಗಲ್ವೇನ್ರೀ? ನಾಳೆ ಯಾರಾದ್ರೂ ಇನ್ನೇನಾದ್ರೂ ತಿಳ್ಕೊಂಡ್ರೆ?”

“ಶಬ್ದಕ್ಕೆ ಶಬ್ದ ಸರಿಯಾಗಿದೆ. ಇನ್ನೇನಾದ್ರೂ ತಿಳ್ಕೊಳ್ಳೋದು ಹೇಗೆ?” ಎಂದರು ನಿಘಂಟಪ್ಪನವರು.

ಹೇಗೆ ಎನ್ನುವುದು ಮೂರು ವರ್ಷದ ನಂತರ, ಒಂದು ಗುರುವಾರ ಸಂಜೆ ಟೈಲರ್ ಅಂಗಡಿಯಲ್ಲಿ ಗೊತ್ತಾಯಿತು.

ನಿಘಂಟಪ್ಪನವರು ಹೊಸ ಪ್ಯಾಂಟು ತೊಟ್ಟು ಕನ್ನಡಿಯೆದುರು ನಿಂತಿದ್ದರು. ಟೈಲರು ಬಾಯಲ್ಲಿ ಏಳೆಂಟು ಗುಂಡುಸೂಜಿ ಕಚ್ಚಿಕೊಂಡು, ಅವರ ಕಾಲ ಬಳಿ ಮೊಣಕಾಲೂರಿ ಅಂಚು ಮಡಿಸುತ್ತಿದ್ದ. ಆಗ ಫೋನು ಬಂತು. ನರ್ಸರಿಯವನದು.

“ಹಾಂ, ಹೇಳಿ. ನನ್ನ ಹವಳದ ಗಂಟೆ ತಾನೆ? ಹನ್ನೆರಡೂ ಚೆನ್ನಾಗಿವೆ.”

ಟೈಲರ ಕೈ ನಿಂತಿತು.

“ಎಲ್ಲಿ ಅಂದ್ರೆ? ಅಲ್ಲೇ, ಹಿತ್ತಲ ಗೋಡೆ ಪಕ್ಕ ಹೂತಿರೋದು. ಮೂರು ವರ್ಷ ಆಯ್ತಲ್ಲ... ಇಲ್ಲಪ್ಪ, ಪೂರ್ತಿ ಹೂತಿಲ್ಲ. ತಲೆ ಮಾತ್ರ ಕಾಣೋ ಹಾಗೆ ಬಿಟ್ಟಿದೀನಿ, ನೀವು ಹೇಳ್ಕೊಟ್ಟ ಹಾಗೆ.”

ಟೈಲರ ಎರಡೂ ಹುಬ್ಬು ಹಣೆಯ ಮೇಲಕ್ಕೆ ಹೋಗಿ ಅಲ್ಲೇ ಕೂತವು.

“ಹೋದ ಚಳೀಲಿ ಏನಾಯ್ತು ಗೊತ್ತಾ? ನಾಲ್ಕು ತಾವಾಗೇ ಮೇಲೆದ್ದು ಬಂದುಬಿಟ್ಟಿದ್ವು! ಬೆಳಗ್ಗೆ ನೋಡ್ತೀನಿ, ಅರ್ಧಕ್ಕರ್ಧ ಹೊರಗೆ. ಎದೆ ಧಸಕ್ ಅಂತು. ಓಡಿಹೋಗಿ ಮಣ್ಣು ಮುಚ್ಚಿದೆ.”

“ಉಂ?” ಎಂದ ಟೈಲರು. ಬಾಯಲ್ಲಿ ಸೂಜಿ ಇರುವಾಗ ಮನುಷ್ಯ ಅಷ್ಟೇ ಹೇಳಬಲ್ಲ.

“ಈ ಭಾನುವಾರ ಎಲ್ಲಾನೂ ಅಗೆದು ತೆಗೆದು ಪಾಲು ಮಾಡಿಬಿಡ್ತೀನಿ. ಇನ್ನೂ ತಡ ಮಾಡಿದ್ರೆ ಕೈಬಿಟ್ಟು ಹೋಗುತ್ತೆ.”

“ಉಂ! ಉಂ ಉಂ!”

“ಅಯ್ಯಯ್ಯೋ, ಚುಚ್ಚಿಬಿಟ್ಯಲ್ಲಪ್ಪ!” ಎಂದು ನಿಘಂಟಪ್ಪನವರು ಒಂಟಿ ಕಾಲಿನಲ್ಲಿ ಕುಣಿದರು.

ಟೈಲರು ಸೂಜಿಗಳನ್ನೆಲ್ಲ ಒಂದೊಂದಾಗಿ ಮೆತ್ತೆಗೆ ಚುಚ್ಚಿ ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ಗಿರಾಕಿ ಪ್ಯಾಂಟು ಬದಲಿಸಿ ಹೊರಟುಹೋಗಿದ್ದರು. ಕೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಹಾಗೆ ಉಳಿದ ಮಾತು ಸುಮ್ಮನಿರುತ್ತದೆಯೇ? ಟೈಲರು ಅದನ್ನು ಮುಂದಿನ ಗಿರಾಕಿಗೆ ಹೇಳಿದ. ಬೀದಿ ದಾಟುವಷ್ಟರಲ್ಲಿ ಗಂಟೆ ಹೋಗಿ ಗಂಟಾಯಿತು. ‘ಹವಳದ ಗಂಟು’ ಎಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಈ ಬೀದಿಯಲ್ಲಿ ಹಗ್ಗವನ್ನೂ ಹಿಡಿದು ನಿಂತಿದ್ದರು. ಮರುದಿನ ಪ್ರಾಚ್ಯವಸ್ತು ಇಲಾಖೆಯ ಇನ್‌ಸ್ಪೆಕ್ಟರು ಅದೇ ಅಂಗಡಿಗೆ ಕೋಟಿನ ಅಳತೆ ಕೊಡಲು ಬಂದರು. ಆಗ ಟೈಲರ ಬಾಯಲ್ಲಿ ಒಂದೂ ಸೂಜಿ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ನಿಘಂಟಪ್ಪನವರು ಹಿತ್ತಲಿಗೆ ಹೋದಾಗ ಗೋಡೆಯ ಆಚೆಯಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ನಿವೃತ್ತ ಸರ್ವೇಯರು. ಸ್ಟೂಲಿನ ಮೇಲೆ ನಿಂತು ಗೋಡೆಯ ದಪ್ಪಕ್ಕೆ ಟೇಪು ಹಿಡಿಯುತ್ತಿದ್ದರು.

“ಇಷ್ಟು ವರ್ಷ ಹೇಳ್ಬಾರ್ದು ಅಂತಿದ್ದೆ. ಈ ಗೋಡೆ ಒಂದೂವರೆ ಅಡಿ ನನ್ನ ಜಾಗದೊಳಗೆ ಬಂದಿದೆ.”

“ಅದು ನೀವೇ ಕಟ್ಟಿಸಿದ ಗೋಡೆ ಅಲ್ವಾ?”

“ಕಟ್ಟಿಸಿದವನಿಗೆ ತಪ್ಪಾಗಬಾರ್ದು ಅಂತ ಎಲ್ಲಿದೆ? ಲೆಕ್ಕದ ಪ್ರಕಾರ ನಿಮ್ಮ ಹವಳದ ಗಂಟೆಗಳು ಇರೋದು ನನ್ನ ನೆಲದಲ್ಲಿ.”

ನಿಘಂಟಪ್ಪನವರ ಕಿವಿಗೆ ಗೋಡೆಯೂ ಬೀಳಲಿಲ್ಲ, ನೆಲವೂ ಬೀಳಲಿಲ್ಲ. ತಾವು ಕಟ್ಟಿದ ಶಬ್ದ ಇನ್ನೊಬ್ಬರ ಬಾಯಲ್ಲಿ ಬಂದದ್ದು ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲು. ಮುಖ ಅರಳಿತು.

“ಬೇಕು ಅಂದ್ರೆ ಬಾಯಿಬಿಟ್ಟು ಕೇಳೋದಲ್ವಾ? ಗೋಡೆ ಯಾಕೆ ಅಳೀತೀರಿ! ಭಾನುವಾರ ಬನ್ನಿ, ಎರಡು ಕೊಡ್ತೀನಿ.”

“ಎರಡು... ಸುಮ್ನೇನಾ?”

“ಸುಮ್ನೆ. ಸಾಲದಿದ್ರೆ ಇನ್ನೂ ಎರಡು ತಗೊಳ್ಳಿ. ನನಗೇನು, ಮೂರು ವರ್ಷಕ್ಕೊಮ್ಮೆ ಆಗ್ತಾನೇ ಇರುತ್ತೆ.”

ಗೋಡೆಯ ಆಚೆ ಸ್ಟೂಲು ಉರುಳಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ, ನೆಲದ ಮಟ್ಟದಿಂದ, “ನೀವು ದೊಡ್ಡ ಮನುಷ್ಯರು!” ಎಂಬ ಧ್ವನಿ ಬಂತು. ನಾಲ್ಕನ್ನು ಸುಮ್ಮನೆ ಕೊಡುವವನ ಮನೆಯೊಳಗೆ ನಲವತ್ತಾದರೂ ಇರಬೇಕು ಎಂದು ಸರ್ವೇಯರು ಅಲ್ಲೇ ಮಲಗಿಕೊಂಡು ಅಳತೆ ಹಾಕಿದರು. ಅವರ ಹೆಂಡತಿ ನಿಘಂಟಪ್ಪನವರ ಅಕ್ಕನ ಜೊತೆ ಓದಿದವರು. ಮಧ್ಯಾಹ್ನದೊಳಗೆ ಸುದ್ದಿ ಬೇರೆ ಊರಿಗೂ ಹೋಯಿತು.

ಶನಿವಾರ ಹನ್ನೆರಡು ಗಂಟೆಗೆ ಬಾಗಿಲಲ್ಲಿ ಆಟೊ ನಿಂತಿತು. ಆರು ವರ್ಷಗಳ ನಂತರ ಅಕ್ಕ ಇಳಿದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಭಾವ. ಭಾವ ಮಾತು ಕಡಿಮೆ. ಮದುವೆಯಾದಾಗಿನಿಂದ ಅವರ ಪಾಲಿನದನ್ನೂ ಅಕ್ಕನೇ ಆಡುತ್ತಿದ್ದಳು.

“ಪುಟ್ಟಾ! ಎಷ್ಟು ಸೊರಗಿ ಹೋಗಿದೀಯೋ!” ಎಂದು ಅಕ್ಕ ತಮ್ಮನನ್ನು ತಬ್ಬಿಕೊಂಡಳು. ಈ ಆರು ವರ್ಷಗಳಲ್ಲಿ ಪುಟ್ಟ ಒಂಬತ್ತು ಕಿಲೋ ಏರಿದ್ದ. ತೋಳು ಸುತ್ತಿ ಬರಲಿಲ್ಲ.

ಊಟವಾದ ಮೇಲೆ ಅಕ್ಕ ಹತ್ತಿರ ಬಂದು ಕೂತಳು. “ನಾಳೆ ಹಿತ್ತಲು ಅಗೀತೀಯಂತೆ.”

“ನಿನಗೂ ಗೊತ್ತಾಯ್ತಾ! ಒಳ್ಳೇದಾಯ್ತು ಬಿಡು. ನಿನಗೊಂದು ಪಾಲು ಕೊಡ್ಬೇಕು ಅಂತ ನಾನೇ ಅಂದ್ಕೊಂಡಿದ್ದೆ.”

ಕಣ್ಣೀರಿಗೆಂದು ಅಕ್ಕ ಸಿದ್ಧ ಮಾಡಿಕೊಂಡು ಬಂದಿದ್ದ ಕರವಸ್ತ್ರ ಕೈಯಲ್ಲೇ ಉಳಿಯಿತು. ಜಗಳಕ್ಕೆ ಬಂದವಳಿಗೆ ಬಾಗಿಲೇ ತೆರೆದಿದ್ದರೆ ಎಷ್ಟು ಕಷ್ಟ!

“ಆದ್ರೆ ಅಕ್ಕ, ಒಂದೇ ಯೋಚನೆ. ನಿನ್ನ ಕೈಲಿ ಉಳಿಯುತ್ತಾ? ಅಮ್ಮ ಕೊಟ್ಟಿದ್ದನ್ನ ನೀನು ಒಂದು ತಿಂಗಳೂ ಇಟ್ಕೊಳ್ಳಲಿಲ್ಲ.”

ಅಮ್ಮ ಕೊಟ್ಟದ್ದು ಎಂದರೆ ನಿಘಂಟಪ್ಪನವರ ಲೆಕ್ಕದಲ್ಲಿ ಜರೀಗಿಡದ ಕುಂಡ, ನೀರಿಲ್ಲದೆ ಒಣಗಿತ್ತು. ಅಕ್ಕನ ಲೆಕ್ಕದಲ್ಲಿ ಜೋಡಿ ಬಳೆ. ಅವಳು ತಲೆ ತಗ್ಗಿಸಿದಳು.

“ಅದು... ಏನ್ಮಾಡ್ಲೋ, ಇವರ ಸ್ಕೂಟರಿಗೆ ಹೋಯ್ತು.”

“ಸ್ಕೂಟರಿಗಾ?” ಜರೀಗಿಡ ಸ್ಕೂಟರಿಗೆ ಹೋಗುವ ಬಗೆ ನಿಘಂಟಪ್ಪನವರಿಗೆ ಹೊಳೆಯಲಿಲ್ಲ. “ಚಕ್ರಕ್ಕೆ ಸಿಕ್ಕಿತಾ?”

ಭಾವ ಎದ್ದು ಅಂಗಳಕ್ಕೆ ಹೋದರು.

ಅಡುಗೆಮನೆಯಲ್ಲಿ ಮಾತ್ರ ವಿಷಯ ಬೆಳಕಿಗೆ ಬಂತು. ಹಿಂದೆ ಬಂದಾಗಲೆಲ್ಲ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ಧೂಳು ತೋರಿಸುತ್ತಿದ್ದ ಅಕ್ಕ, ಈ ಸಲ ತಾನಾಗಿ ತೋಳು ಮಡಿಸಿ ಪಾತ್ರೆ ತೊಳೆಯಲು ನಿಂತಳು.

“ನನಗೆ ಚೆನ್ನಾಗಿ ನೆನಪಿದೆ ಕಣಮ್ಮಾ ಆ ಗಂಟೆಗಳು,” ಎಂದಳು ಬಾಣಲೆ ಉಜ್ಜುತ್ತ. “ಅಜ್ಜಿ ಪೆಟ್ಟಿಗೆ ತೆಗೆದಾಗಲೆಲ್ಲ ಕಿಣಿಕಿಣಿ ಅನ್ನೋವು. ಕೆಂಪಗೆ ಇಷ್ಟಿಷ್ಟು ದೊಡ್ಡದು. ಅಪ್ಪ ಅದನ್ನೇ ಹಿತ್ತಲಲ್ಲಿ ಹೂತಿಟ್ರು ಅನ್ಸುತ್ತೆ. ಒಟ್ಟು ಎಷ್ಟಿವೆಯಂತೆ?”

ಗಣಿತದ ಟೀಚರಿಗೆ ಲೆಕ್ಕ ಒಂದೇ ಏಟಿಗೆ ಬಿಡಿಸಿತು. ಗೋಡೆ ಅಳೆಯುವ ಸರ್ವೇಯರು, ಬೆಳಗ್ಗೆಯಿಂದ ಹಿತ್ತಲ ಗೇಟಿನ ಮುಂದೆ ಏಳು ಸಲ ಸುಮ್ಮನೆ ಓಡಾಡಿದ ಟೈಲರು, ಬಾಣಲೆ ಉಜ್ಜುತ್ತಿರುವ ಅತ್ತಿಗೆ, ಎಲ್ಲ ಕೂಡಿಸಿದರೆ ಬರುವ ಉತ್ತರ ಒಂದೇ. ಈಗಲೇ ಹೇಳಿಬಿಡೋಣವೆಂದು ಬಾಯಿ ತೆರೆದರು. ಸಿಂಕಿನ ಕಡೆ ನೋಡಿದರು. ದೊಡ್ಡ ಹಂಡೆ ಇನ್ನೂ ಉಳಿದಿತ್ತು.

“ಹನ್ನೆರಡು, ಅತ್ತಿಗೆ,” ಎಂದು ಹೇಳಿ, ಹಂಡೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. ನಾಳೆ ಹೇಗೂ ತಾನಾಗೇ ಗೊತ್ತಾಗುತ್ತದೆ. ಆರು ವರ್ಷ ಕಾದವರಿಗೆ ಒಂದು ದಿನ ಹೆಚ್ಚೇನಲ್ಲ.

ಆದರೆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮನೆಯ ಮುಂದೆ ಸರ್ಕಾರಿ ಜೀಪು ಬಂದು ನಿಲ್ಲುತ್ತದೆ ಎನ್ನುವುದು ಅವರ ಲೆಕ್ಕದಲ್ಲಿರಲಿಲ್ಲ. ಪ್ರಾಚ್ಯವಸ್ತು ಇಲಾಖೆಯ ಇನ್‌ಸ್ಪೆಕ್ಟರು, ಕಂಕುಳಲ್ಲಿ ಕಡತ. ಹಿಂದೆ ಡ್ರೈವರು, ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ. ಅವರ ಹಿಂದೆ ಟೈಲರು. ಟೈಲರ ಹಿಂದೆ ಬೀದಿ.

“ನಿಮ್ಮ ಹಿತ್ತಲಲ್ಲಿ ಹನ್ನೆರಡು ಹವಳದ ಗಂಟೆ ಇರೋದು ನಿಜಾನಾ?” ಎಂದರು ಇನ್‌ಸ್ಪೆಕ್ಟರು ಗಡುಸಾಗಿ.

“ನಿಜ. ಬನ್ನಿ ಬನ್ನಿ, ತೋರಿಸ್ತೀನಿ,” ಎಂದರು ನಿಘಂಟಪ್ಪನವರು ಸಂಭ್ರಮದಿಂದ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರು ಇಂಥ ಅಪರಾಧಿಯನ್ನು ನೋಡಿರಲಿಲ್ಲ. ತುಸು ಗಲಿಬಿಲಿಯಾಗಿ, ನಿಯಮದಂತೆ ಮೊದಲು ನೋಟಿಸು ಓದಿದರು. “‘ಭೂಮಿಯ ಒಳಗಿರುವ, ಅಥವಾ ಒಳಗಿಲ್ಲವೆಂದು ಹೇಳಲಾಗದಿರುವ, ಗಂಟೆ ಮೊದಲಾದ ಪುರಾತನತೆಗಳನ್ನು ಅಗೆಯತಕ್ಕದ್ದಲ್ಲದೆ ಇರತಕ್ಕದ್ದಲ್ಲ, ಅಗೆದ ಹೊರತು.’”

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಿಘಂಟಪ್ಪನವರ ಕಣ್ಣು ಮಾತ್ರ ಹೊಳೆಯಿತು. “ಸಾರ್, ಇದು ನಂದು! ಹನ್ನೊಂದು ವರ್ಷ ಆಯ್ತು. ಆ ‘ಅಗೆದ ಹೊರತು’ ಅನ್ನೋದಕ್ಕೇ ಎರಡು ದಿನ ಹಿಡಿದಿತ್ತು.”

“ನೀವಾ ಅದು!” ಇನ್‌ಸ್ಪೆಕ್ಟರು ಕಡತ ಕೆಳಗಿಟ್ಟು ಅವರ ಎರಡೂ ಕೈ ಹಿಡಿದರು. “ಹನ್ನೊಂದು ವರ್ಷದಿಂದ ಹುಡುಕ್ತಿದೀನಿ ನಿಮ್ಮನ್ನ. ನಮ್ಮ ಇಲಾಖೇಲಿ ಯಾರಿಗೂ ಗೊತ್ತಿಲ್ಲ. ಇದರರ್ಥ ಅಗೀಬೇಕು ಅಂತಾನಾ, ಅಗೀಬಾರ್ದು ಅಂತಾನಾ?”

ನಿಘಂಟಪ್ಪನವರು ಕಾಗದ ತೆಗೆದುಕೊಂಡು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹಣೆಯ ಮೇಲೆ ಬೆವರೊಡೆಯಿತು.

“ಮಳೆಗಾಲ ಮುಗಿದಿದೆ,” ಎಂದರು ಕೊನೆಗೆ. “ಅಗೆಯೋಕೆ ಒಳ್ಳೇ ಕಾಲ.”

ಹಿತ್ತಲಲ್ಲಿ ನಿಲ್ಲಲು ಜಾಗವಿರಲಿಲ್ಲ. ತಗಡಿನ ಪಟ್ಟಿಗಳನ್ನು ನೋಡಿದ ಇನ್‌ಸ್ಪೆಕ್ಟರು, “ನಂಬರ್ ಬೇರೆ ಹಾಕಿದಾರೆ!” ಎಂದು ಬರೆದುಕೊಂಡರು. “ಕಾಣಬಾರ್ದು ಅಂತ ಮೇಲೆ ಗಿಡ ನೆಟ್ಟಿದಾರೆ, ನೋಡಿದ್ರಾ ಉಪಾಯ,” ಎಂದರು ಸರ್ವೇಯರು. ಅವರೂ ಟೈಲರೂ ಮಹಜರಿಗೆ ಸಾಕ್ಷಿಗಳು. ಅಕ್ಕ ಮುಂದಿನ ಸಾಲಿನಲ್ಲಿ ಚಾದರ ಹಾಸಿಕೊಂಡು ಸಿದ್ಧಳಾಗಿದ್ದಳು.

ನಿಘಂಟಪ್ಪನವರು ಒಂದನೇ ನಂಬರಿನ ಸುತ್ತ ಗೇಣಗಲ ಬಿಟ್ಟು ಗುದ್ದಲಿ ಇಳಿಸಿದರು. ನಾಲ್ಕೂ ಕಡೆಯಿಂದ ಸಡಿಲಿಸಿ, ಬೇರು ಹರಿಯದಂತೆ ಮೇಲೆತ್ತಿ, ಮಣ್ಣು ಕೊಡವಿ, ಮಗುವನ್ನು ತೋರಿಸುವಂತೆ ಎಲ್ಲರಿಗೂ ತೋರಿಸಿದರು.

“ಹೂಂ, ಆಮೇಲೆ?” ಎಂದರು ಇನ್‌ಸ್ಪೆಕ್ಟರು.

“ಆಮೇಲೇನು, ಒಂದನೇ ಹವಳದ ಗಂಟೆ ಬಂತಲ್ಲ.”

“ಎಲ್ಲಿ?”

“ಕೈಯಲ್ಲಿ.”

ಇನ್‌ಸ್ಪೆಕ್ಟರು ಗುಂಡಿಯೊಳಗೆ ಮೊಣಕೈವರೆಗೆ ಕೈ ಹಾಕಿದರು. ಸರ್ವೇಯರು ಟೇಪು ಇಳಿಬಿಟ್ಟು ಆಳ ನೋಡಿದರು. ಅಕ್ಕ ಬಗ್ಗಿ, ಕಿವಿ ಕೊಟ್ಟು ಕೇಳಿದಳು. ಒಂದು ಎರೆಹುಳು ಮೇಲೆ ಬಂದು, ಇಷ್ಟು ಜನರನ್ನು ಕಂಡು, ಮತ್ತೆ ಒಳಗೆ ಹೋಯಿತು.

“ಪುಟ್ಟಾ,” ಎಂದಳು ಅಕ್ಕ ನಿಧಾನವಾಗಿ, “ಇದು ಗಿಡ ಕಣೋ.”

“ಗಿಡ ಅಲ್ದೆ ಇನ್ನೇನಕ್ಕ?”

ಹೆಂಡತಿ ಮುಂದೆ ಬಂದು, ಸಾಲಿನಲ್ಲಿ ತಡವಾಗಿ ಅರಳಿ ಉಳಿದಿದ್ದ ಒಂದೇ ಒಂದು ಹೂವಿನ ದೇಟನ್ನು ಬಗ್ಗಿಸಿ ತೋರಿಸಿ, ಹವಳ ಯಾವುದು, ಗಂಟೆ ಯಾವುದು, ಪಾಲು ಎಂದರೆ ಏನು ಎಂದು ಕಪ್ಪುಹಲಗೆಯ ಮುಂದೆ ನಿಂತವರಂತೆ ವಿವರಿಸಿದರು. ನಿಘಂಟಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೂರು ದಿನಗಳಿಂದ ತಮ್ಮ ಗಿಡಗಳನ್ನು ಕೊಂಡಾಡಿದವರು ಯಾರೂ ಗಿಡಗಳನ್ನು ಕೊಂಡಾಡಿರಲಿಲ್ಲ ಎಂದು ಅರ್ಥವಾಯಿತು. ಮುಖ ಬಾಡಿತು.

“ಅತ್ತಿಗೆ,” ಎಂದರು ಹೆಂಡತಿ, “ನೀವು ಚಿಕ್ಕವರಿದ್ದಾಗ ಕಿಣಿಕಿಣಿ ಅಂತ ಕೇಳಿಸ್ತಿತ್ತು ಅಂದ್ರಲ್ಲ?”

“ಕೇಳಿಸ್ತಿತ್ತು,” ಎಂದಳು ಅಕ್ಕ ಗಟ್ಟಿಯಾಗಿ. “ಐಸ್‌ಕ್ರೀಂ ಗಾಡಿ ಇರ್ಬೇಕು.”

ಎಲ್ಲೋ ಹಿಂದಿನಿಂದ ಕುಕ್ಕರು ಕೂಗುವಂಥ ಸದ್ದು ಬಂತು. ತಿರುಗಿ ನೋಡಿದರೆ, ಭಾವ ನಗುತ್ತಿದ್ದರು. ಅವರು ನಗುವುದನ್ನು ಯಾರೂ ನೋಡಿರಲಿಲ್ಲ. ನಕ್ಕು ರೂಢಿಯಿಲ್ಲದ ಕಾರಣ ನಿಲ್ಲಿಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ನಗು ಟೈಲರಿಗೆ ಹತ್ತಿತು, ಡ್ರೈವರಿಗೆ ಹತ್ತಿತು, ಗೇಟಿನಾಚೆಯ ಬೀದಿಗೂ ಹತ್ತಿತು.

ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. “ನಿಮಗೇನು, ನಗ್ತೀರಿ. ಫೈಲ್ ತೆಗೆದಾಗಿದೆ, ಭಾನುವಾರ ಜೀಪು ಬಂದಾಗಿದೆ. ಗಂಟೆ ಇದೆ ಅಂತ ದೂರು, ಗಂಟೆ ಇದೆ ಅಂತ ಇವರದೇ ಒಪ್ಪಿಗೆ, ಗಂಟೆ ಅಂತ ತಗಡಿನ ಮೇಲೆ ಅಕ್ಷರ. ಗಂಟೆ ಇಲ್ಲ ಅಂತ ನಾನು ಹೇಗೆ ಬರೀಲಿ? ಹನ್ನೆರಡನ್ನೂ ವಶಕ್ಕೆ ತಗೊಳ್ಳಲೇಬೇಕು. ಪೆಟ್ಟಿಗೆಗೆ ಹಾಕಿ.”

“ತಗೊಂಡೋಗಿ ಎಲ್ಲಿಡ್ತೀರಿ?” ಎಂದರು ನಿಘಂಟಪ್ಪನವರು.

“ಭದ್ರ ಕೋಣೇಲಿ. ಕಬ್ಬಿಣದ ಬಾಗಿಲು, ಕಿಟಕಿ ಇಲ್ಲ. ಮೇಲಿಂದ ಆದೇಶ ಬಂದ ಮೇಲೆ ವಾಪಸ್. ಆರು ತಿಂಗಳು, ವರ್ಷ.”

ನಿಘಂಟಪ್ಪನವರು ಕೈಯಲ್ಲಿದ್ದ ಗಿಡವನ್ನು ಎದೆಗವಚಿಕೊಂಡರು. ಅಂಗಿಯ ತುಂಬ ಮಣ್ಣಾಯಿತು. ಇಪ್ಪತ್ತೆರಡು ವರ್ಷ ಮೇಲಿನವರು ಬರೆದದ್ದನ್ನೆಲ್ಲ ಮರುಮಾತಿಲ್ಲದೆ ಇಳಿಸಿದ ಮನುಷ್ಯ. ಒಬ್ಬ ಅಧಿಕಾರಿಗೂ ಎದುರಾಡಿದ್ದಿಲ್ಲ. ತುಟಿ ಎರಡು ಸಲ ಅಲುಗಿತು.

“ಕೊಡಲ್ಲ,” ಎಂದರು.

ಯಾವ ಭಾಷೆಯಿಂದಲೂ ಇಳಿಸದೆ ಅವರ ಬಾಯಿಂದ ಬಂದ ಮೊದಲ ಸರ್ಕಾರಿ ಮಾತು ಅದು. ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

“ಕೊಡಲ್ಲ ಅಂದ್ರೆ?”

“ಕೊಡಲ್ಲ ಅಂದ್ರೆ ಕೊಡಲ್ಲ. ಇದು ಜೀವ ಇರೋದು ಸಾರ್. ಕತ್ತಲಲ್ಲಿ ಇಟ್ರೆ ಹದಿನೈದು ದಿನಕ್ಕೆ ಕೊಳೆತುಹೋಗುತ್ತೆ. ಬೇಕಾದ್ರೆ ನನ್ನನ್ನ ಒಳಗೆ ಹಾಕಿ, ನನಗೆ ಕಿಟಕಿ ಬೇಡ.”

ಅಕ್ಕ ಚಾದರ ಬಿಟ್ಟೆದ್ದು ತಮ್ಮನ ಮುಂದೆ ನಿಂತಳು. “ನಮ್ಮ ಪುಟ್ಟನ ಗಿಡ ಮುಟ್ಟಿ ನೋಡೋಣ!” ನಿಧಿ ಸಿಗದ ಸಿಟ್ಟೆಲ್ಲ ಇಲಾಖೆಯ ಕಡೆ ತಿರುಗಿತ್ತು. ಇನ್‌ಸ್ಪೆಕ್ಟರು ಒಂದು ಹೆಜ್ಜೆ ಹಿಂದಿಟ್ಟು ಒಂದನೇ ನಂಬರಿನ ಗುಂಡಿಯೊಳಗೆ ಕಾಲು ಹಾಕಿದರು.

ಹೆಂಡತಿ ಅವರಿಗೆ ಕೈಕೊಟ್ಟು ಮೇಲೆತ್ತಿದರು. “ಸಾರ್, ನಿಮ್ಮ ಕಾಗದದಲ್ಲಿ ಎಷ್ಟು ಅಂತಿದೆ?”

“ಹನ್ನೆರಡು.”

“ಹನ್ನೆರಡು ಸಿಕ್ಕಿಬಿಟ್ರೆ ಫೈಲ್ ಮುಗೀತಾ?”

“ಮುಗೀತು.”

“ದೊಡ್ಡದು, ಚಿಕ್ಕದು ಅಂತ ಏನಾದ್ರೂ?”

ಇನ್‌ಸ್ಪೆಕ್ಟರು ಕಾಗದ ಹಿಂದೆ ಮುಂದೆ ತಿರುಗಿಸಿದರು. “ಅಳತೆ ಬರೆದಿಲ್ಲ.”

“ಭದ್ರ ಅಂದ್ರೆ ಯಾವಾಗ್ಲೂ ನಿಮ್ಮ ಕಣ್ಣ ಮುಂದೆ ಇರೋದು. ನಿಮ್ಮ ಮೇಜಿನ ಪಕ್ಕದ ಕಿಟಕಿಗಿಂತ ಭದ್ರ ಜಾಗ ಇಲಾಖೇಲಿ ಇದೆಯಾ?”

ಇನ್‌ಸ್ಪೆಕ್ಟರು ಯೋಚಿಸಿದರು. ತಮ್ಮ ಕಣ್ಣಿನ ಬಗ್ಗೆ ಇಷ್ಟು ಗೌರವದಿಂದ ಯಾರೂ ಮಾತಾಡಿರಲಿಲ್ಲ. “ಇಲ್ಲ,” ಎಂದರು.

“ಅತ್ತಿಗೆ, ಒಳಗಿಂದ ಬ್ರೆಡ್ ಕುಯ್ಯೋ ಚಾಕು ತಗೊಂಡ್ ಬನ್ನಿ. ಹನ್ನೆರಡನ್ನ ನಾಲ್ಕು ನಾಲ್ಕು ಪಾಲು ಮಾಡಿದ್ರೆ ನಲವತ್ತೆಂಟು. ಸಾರ್‌ಗೆ ಹನ್ನೆರಡು, ನಮಗೆ ಮೂವತ್ತಾರು.”

ಆಮೇಲಿನ ಎರಡು ಗಂಟೆ ನಡೆದಂಥ ಕೆಲಸವನ್ನು ಆ ಹಿತ್ತಲು ಹಿಂದೆಂದೂ ಕಂಡಿರಲಿಲ್ಲ. ನಿಘಂಟಪ್ಪನವರು ಒಂದೊಂದನ್ನೂ ಎತ್ತಿ, ಬೇರೂ ಚಿಗುರೂ ಇರುವಂತೆ ಬುಡವನ್ನು ಸೀಳಿ ಕೊಟ್ಟರು. ಟೈಲರು ತನ್ನ ಕತ್ತರಿಯಿಂದ ಒಣಗಿದ ಎಲೆಗಳನ್ನು ನೀಟಾಗಿ ಕತ್ತರಿಸಿದ. ಸರ್ವೇಯರು ಅಡಿಗೊಂದರಂತೆ ಟೇಪು ಹಿಡಿದು ಗುರುತು ಹಾಕಿದರು; ಗೋಡೆಯ ವಿಷಯ ಎತ್ತಲಿಲ್ಲ. ಇನ್‌ಸ್ಪೆಕ್ಟರು ಕೋಟು ಬಿಚ್ಚಿಟ್ಟು, ನೀರು ಎಷ್ಟು, ಬಿಸಿಲು ಎಷ್ಟು ಎಂದು ಮಹಜರಿನ ಹಿಂಭಾಗದಲ್ಲಿ ಬರೆದುಕೊಂಡರು. ಅಕ್ಕ ಮಣ್ಣು ಮೆತ್ತಿದ ಕೈಯಲ್ಲಿ ಮೂಗು ಒರೆಸಿಕೊಂಡು, ತಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು.

“ಆರು ವರ್ಷ ಯಾಕಕ್ಕ ಬರ್ಲಿಲ್ಲ?” ಎಂದು ನಿಘಂಟಪ್ಪನವರು ತಲೆಯೆತ್ತದೆ ಕೇಳಿದರು. “ಕಾರ್ಡಿಗಾ?”

“ಕಾರ್ಡಿಗೆ ಒಂದು ತಿಂಗಳು ಕೋಪ. ಮಿಕ್ಕಿದ್ದೆಲ್ಲ ನೀನು ಬಾ ಅಂತ ಕರೀಲಿಲ್ಲ ಅಂತ.”

“ನೀನು ಬರ್ತೀಯ ಅಂತ ನನಗೇನು ಗೊತ್ತು?”

“ಅದನ್ನೂ ಯಾರಾದ್ರೂ ಇಂಗ್ಲಿಷಲ್ಲಿ ಬರೆದು ಕೊಡಬೇಕಿತ್ತೇನೋ,” ಎಂದು ಅಕ್ಕ ಅವರ ತಲೆಗೊಂದು ಮೊಟಕಿದಳು. ಕೂದಲಲ್ಲಿ ಮಣ್ಣು ಉಳಿಯಿತು.

ಮಧ್ಯಾಹ್ನ ಜೀಪು ಹನ್ನೆರಡು ಪುಟ್ಟ ಗಿಡಗಳನ್ನು ಹೊತ್ತು, ಗುಂಡಿ ತಪ್ಪಿಸಿಕೊಂಡು ಮೆಲ್ಲಗೆ ಹೋಯಿತು. ಡ್ರೈವರಿಗೂ ಎರಡು ಬೇಕಾಯಿತು. ಸರ್ವೇಯರಿಗೆ ಮಾತಿನಂತೆ ನಾಲ್ಕು. ಟೈಲರಿಗೆ ಮೂರು. ನಿಧಿ ನೋಡಲು ಬಂದ ಬೀದಿಯವರು ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದೆ ಗೇಟಿನ ಬಳಿ ನಿಂತೇ ಇದ್ದರು, ಅವರಿಗೆ ಒಂದೊಂದು. ಅಕ್ಕ ಒಂಬತ್ತನ್ನು ಆರಿಸಿಕೊಂಡು, ಒಂದೊಂದರ ಬುಡಕ್ಕೂ ಒದ್ದೆ ಬಟ್ಟೆ ಸುತ್ತಿಸಿಕೊಂಡು, ಮೂರು ಗಂಟೆಯ ಬಸ್ಸಿಗೆ ಹೊರಟಳು. ಮುಂದಿನ ತಿಂಗಳು ತಮ್ಮನೂ ಹೆಂಡತಿಯೂ ಅವಳ ಮನೆಗೆ ಹೋಗುವುದೆಂದು ಬಾಗಿಲಲ್ಲೇ ನಿಶ್ಚಯವಾಯಿತು.

ಎಲ್ಲರೂ ಹೋದ ಮೇಲೆ ನಿಘಂಟಪ್ಪನವರು ಹಿತ್ತಲಲ್ಲಿ ಎಣಿಸಿದರು. ಐದು ಉಳಿದಿದ್ದವು.

“ಕೊಡಲ್ಲ ಅನ್ನೋಕೆ ಬರಲ್ವೇನ್ರೀ ನಿಮಗೆ?” ಎಂದರು ಹೆಂಡತಿ.

“ಬೆಳಗ್ಗೆ ಒಂದು ಸಲ ಅಂದ್ನಲ್ಲ. ಒಂದು ದಿನಕ್ಕೆ ಎಷ್ಟು ಸಲ ಅನ್ನೋದು?”

ಐದನ್ನೂ ನೆಟ್ಟು ಕೈ ತೊಳೆಯುವಷ್ಟರಲ್ಲಿ ಗೋಡೆಯ ಮೇಲೆ ಸರ್ವೇಯರ ತಲೆ ಮೂಡಿತು: ತಲೆ ಎಷ್ಟು ಇಂಚು ಹೊರಗಿರಬೇಕು? ಟೈಲರ ಫೋನು ಬಂತು: ಹೊಲಿಗೆ ಯಂತ್ರದ ಪಕ್ಕ ಇಟ್ಟರೆ ಸದ್ದಿಗೆ ಏನಾದರೂ ಆಗುತ್ತದೆಯೇ? ಇನ್‌ಸ್ಪೆಕ್ಟರದೂ ಬಂತು: ವಶದಲ್ಲಿರುವ ಮೂರನೇ ನಂಬರಿನ ಒಂದು ಎಲೆ ಬಾಗಿದೆ, ಗಾಬರಿಪಡಬೇಕೇ? ನಿಘಂಟಪ್ಪನವರು ಒಬ್ಬೊಬ್ಬರಿಗೂ ಸಾವಧಾನವಾಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ದೊಡ್ಡ ಡಾಕ್ಟರಂತೆ ಉತ್ತರ ಕೊಟ್ಟರು.

ಸಂಜೆ ಬಿಸಿಲು ಹೋಗುವ ಹೊತ್ತಿಗೆ ಅಕ್ಕನ ಫೋನು ಬಂತು. ಹಿನ್ನೆಲೆಯಲ್ಲಿ ಬಸ್ಸಿನ ಗಡಗಡ.

“ಪುಟ್ಟಾ, ಕಿಟಕಿ ಗಾಳಿ ಜೋರಾಗಿದೆ ಕಣೋ. ಎಲೆಗೆ ಏನಾದ್ರೂ ಆಗುತ್ತಾ?”

“ಕಾಲ ಹತ್ರ ಕೆಳಗಿಡಕ್ಕ.”

“ಕೆಳಗಾ? ಜನ ತುಳಿದು ಹಾಕ್ತಾರೆ. ಸೀಟಲ್ಲೇ ಇಟ್ಟಿದೀನಿ.”

“ಸೀಟಲ್ಲಾ? ಮತ್ತೆ ಭಾವ ಎಲ್ಲಿ ಕೂತಿದಾರೆ?”

“ಕೂರೋದೆಲ್ಲಿ, ನಿಂತಿದಾರೆ. ಅವರಿಗೇನಾಗುತ್ತೆ ಬಿಡೋ, ಹಳೇ ಬೇರು, ಗಟ್ಟಿ ಇದೆ. ಇವು ಪಾಪ, ಈಗಷ್ಟೇ ತವರು ಬಿಟ್ಟು ಬಂದಿವೆ.”